ಮೊದಲು ನೀರು ಬೆಲ್ಲ, ಆಮೇಲೆ ಹಾರ: ಹೊರದೇಶದ ಸಭಾ ಪ್ರತಿನಿಧಿಗಳನ್ನು ಬರಮಾಡಿಕೊಳ್ಳುವುದು ಹೇಗೆ

ನಿಮ್ಮ ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಒಂದು ಪತ್ರ ಬರುತ್ತದೆ. ಇಂಥ ತಿಂಗಳು ಮಂಗಳೂರಿನಲ್ಲಿ ಅಂತರರಾಷ್ಟ್ರೀಯ ಕೂಟ ಇದೆ, ಹತ್ತು ಹನ್ನೆರಡು ದೇಶಗಳ ಸಭೆಗಳಿಂದ ಪ್ರತಿನಿಧಿಗಳು ಬರುತ್ತಾರೆ, ಅವರಲ್ಲಿ ಇಷ್ಟು ಜನರ ಉಸ್ತುವಾರಿ ನಿಮ್ಮದು ಅಂತ. ಮೊದಲ ಕಮಿಟಿ ಮೀಟಿಂಗಿನಲ್ಲಿ ಏನಾಗುತ್ತದೆ ಅಂತ ಗೊತ್ತಲ್ವಾ? ವೇದಿಕೆ ಎಷ್ಟು ದೊಡ್ಡದು, ಶಾಲು ಯಾವ ಬಣ್ಣದ್ದು, ಬ್ಯಾಂಡ್ ಬೇಕಾ, ಹುಲಿವೇಷ ತರಿಸೋಣವಾ, ಇದರಲ್ಲೇ ಎರಡು ಗಂಟೆ ಕಳೆಯುತ್ತದೆ. ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನೋ ಮಾತು ಕೊನೆಗೆ, ಎಲ್ಲರೂ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಬರುತ್ತದೆ.

ನಾನು ಕೆಲವು ಸಲ ಇಂಥ ಸ್ವಾಗತ ತಂಡದಲ್ಲಿ ಇದ್ದೆ. ಒಮ್ಮೆ ಎರಡು ದಿನ ಪ್ರಯಾಣ ಮಾಡಿ ಬಂದ ಒಬ್ಬ ಹಿರಿಯ ಮಹಿಳೆಯನ್ನು ನೇರ ವೇದಿಕೆಗೆ ಕರೆದುಕೊಂಡು ಹೋದೆವು. ಹಾರ, ಪೇಟ, ನಾಲ್ಕು ಜನರ ಭಾಷಣ. ಅವರು ನಗುತ್ತಲೇ ಇದ್ದರು. ಎಲ್ಲ ಮುಗಿದ ಮೇಲೆ ಮೆಲ್ಲಗೆ ನನ್ನ ಕೈ ಹಿಡಿದು ಟಾಯ್ಲೆಟ್ ಎಲ್ಲಿ ಅಂತ ಕೇಳಿದರು. ನನಗೆ ಇವತ್ತಿಗೂ ಆ ಮುಖ ನೆನಪಿದೆ. ತುಳುನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಊರು ಯಾವುದು, ಬಂದ ಕೆಲಸ ಏನು ಅಂತ ಕೇಳುವುದು ಆಮೇಲೆ. ಮನೆಯಲ್ಲಿ ಗೊತ್ತಿದ್ದ ಈ ರೀತಿ ಕಮಿಟಿಯಲ್ಲಿ ಕೂತಾಗ ನಮಗೆ ಮರೆತುಹೋಗಿತ್ತು. ಕೆಳಗೆ ಬರೆದಿರುವುದೆಲ್ಲ ಆ ದಿನದಿಂದ ಕಲಿತದ್ದು.

ಹಂತ 1: ಕಾಗದಪತ್ರ, ಆರು ತಿಂಗಳು ಮೊದಲೇ

ಇದು ಬೇಜಾರಿನ ಕೆಲಸ, ಆದರೆ ಇಲ್ಲಿ ತಪ್ಪಿದರೆ ಅತಿಥಿ ವಿಮಾನವನ್ನೇ ಹತ್ತುವುದಿಲ್ಲ. ಹೊರದೇಶದವರು ಭಾಗವಹಿಸುವ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಕಾನ್ಫರೆನ್ಸ್ ವೀಸಾ ಎಂಬ ಬೇರೆ ವೀಸಾ ಇದೆ. ಸರ್ಕಾರದ್ದಲ್ಲದ, ಖಾಸಗಿ ಸಂಸ್ಥೆ ನಡೆಸುವ ಸಮ್ಮೇಳನವಾದರೆ ಆಯೋಜಕರು ಮೊದಲು ಕೇಂದ್ರ ಗೃಹ ಸಚಿವಾಲಯ ಮತ್ತು ವಿದೇಶಾಂಗ ಸಚಿವಾಲಯದ ಅನುಮತಿ ತೆಗೆದುಕೊಳ್ಳಬೇಕು. ಆ ಪತ್ರದ ಪ್ರತಿ ಮತ್ತು ನಿಮ್ಮ ಆಮಂತ್ರಣ ಪತ್ರ ಎರಡೂ ಪ್ರತಿನಿಧಿಯ ಕೈ ಸೇರಿದ ಮೇಲೆ ಅವರು ತಮ್ಮ ದೇಶದ ಭಾರತೀಯ ರಾಯಭಾರ ಕಚೇರಿಗೆ ಅರ್ಜಿ ಹಾಕುತ್ತಾರೆ. ಇದಕ್ಕೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ.

"ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಬರಲಿ ಬಿಡಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ಪ್ರವಾಸಿ ವೀಸಾದಲ್ಲಿ ಬಂದವರು ಚರ್ಚಿಗೆ ಹೋಗಬಹುದು, ಆರಾಧನೆಯಲ್ಲಿ ಕೂರಬಹುದು, ಪ್ರಸಂಗ ಕೇಳಬಹುದು. ಆದರೆ ಧರ್ಮಬೋಧನೆ ಮಾಡುವುದು, ಪೂಜಾಸ್ಥಳದಲ್ಲಿ ಅಂಥ ಭಾಷಣ ಮಾಡುವುದು, ಕರಪತ್ರ ಹಂಚುವುದು ಇವೆಲ್ಲ ಆ ವೀಸಾದ ನಿಯಮಕ್ಕೆ ವಿರುದ್ಧ. ನಾವು ಪ್ರೀತಿಯಿಂದ "ಎರಡು ಮಾತಾಡಿ" ಅಂತ ಮೈಕ್ ಕೊಟ್ಟುಬಿಡುತ್ತೇವೆ, ಮುಂದೆ ತೊಂದರೆ ಅನುಭವಿಸುವವರು ಅವರು. ಯಾರು ಯಾವ ವೀಸಾದಲ್ಲಿ ಬಂದಿದ್ದಾರೆ ಅನ್ನುವ ಪಟ್ಟಿ ಕಾರ್ಯಕ್ರಮ ನಿರೂಪಕರ ಕೈಯಲ್ಲಿ ಇರಲೇಬೇಕು.

ಆಫ್ರಿಕಾದಿಂದ ಅಥವಾ ದಕ್ಷಿಣ ಅಮೆರಿಕದಿಂದ ಬರುವವರಿಗೆ ಇನ್ನೊಂದು ಮಾತನ್ನು ಮೊದಲ ಪತ್ರದಲ್ಲೇ ಬರೆಯಿರಿ: ಹಳದಿ ಜ್ವರದ ಲಸಿಕೆ. ಘಾನಾ, ನೈಜೀರಿಯಾ, ಕ್ಯಾಮರೂನ್‌ನಂತಹ ದೇಶಗಳಿಂದ ಬರುವವರ ಹತ್ತಿರ ಲಸಿಕೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿಕೊಂಡು 10 ದಿನ ಆದ ಮೇಲೇ ಅದು ಲೆಕ್ಕಕ್ಕೆ ಬರುವುದು. ಕೂಟ ಐದು ದಿನದ್ದು, ಅತಿಥಿ ಕ್ವಾರಂಟೈನ್‌ನಲ್ಲಿ ಆರು ದಿನ, ಹೀಗಾಗಬಾರದು ಅಲ್ವಾ. ಇ-ಸಿಗರೇಟು ನಮ್ಮಲ್ಲಿ 2019ರಿಂದ ನಿಷೇಧ, ಸ್ಯಾಟಲೈಟ್ ಫೋನನ್ನು ಅನುಮತಿ ಇಲ್ಲದೆ ತರುವಂತಿಲ್ಲ. ಇವೆರಡನ್ನೂ ಅದೇ ಪತ್ರದಲ್ಲಿ ಸೇರಿಸಿ.

ಹಂತ 2: ಹೆಸರು

ಬ್ಯಾಡ್ಜ್ ಪ್ರಿಂಟ್ ಮಾಡುವ ಹುಡುಗನಿಗೆ ಬಿಟ್ಟುಬಿಡುವ ಕೆಲಸ ಅಲ್ಲ ಇದು. ನಮ್ಮ ಕಡೆಯವರು ಪಾಸ್‌ಪೋರ್ಟ್ ಫಾರಂ ತುಂಬಿಸುವಾಗ "ಸರ್‌ನೇಮ್" ಅನ್ನುವ ಖಾನೆಯಲ್ಲಿ ಏನು ಬರೆಯಬೇಕು ಅಂತ ಒದ್ದಾಡುತ್ತಾರಲ್ಲ, ಇನಿಷಿಯಲ್ ಬಿಡಿಸಿ ಬರೆದು ಕೊನೆಗೆ ಅಪ್ಪನ ಹೆಸರಿನಲ್ಲೇ ಎಲ್ಲರೂ ನಮ್ಮನ್ನು ಕರೆಯುವ ಹಾಗೆ ಆಗುತ್ತದಲ್ಲ, ಬರುವ ಅತಿಥಿಗಳಲ್ಲಿ ಅರ್ಧದಷ್ಟು ಜನಕ್ಕೆ ಅದೇ ಕಷ್ಟ. ಇಥಿಯೋಪಿಯಾದವರಿಗೆ ಮನೆತನದ ಹೆಸರು ಇರುವುದಿಲ್ಲ. ಎರಡನೆಯದು ಅಪ್ಪನ ಹೆಸರು, ಹಾಗಾಗಿ ಕರೆಯಬೇಕಾದದ್ದು ಮೊದಲನೆಯ ಹೆಸರಿನಿಂದ. ಕೊರಿಯಾದವರು ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್ ಅವರ ಹೆಸರಿನಲ್ಲಿ ಬಾನ್ ಅನ್ನುವುದೇ ಮನೆತನದ ಹೆಸರು. ಇಂಡೋನೇಷ್ಯಾದಲ್ಲಿ ಒಂದೇ ಹೆಸರು ಇರುವವರೂ ಜಾಸ್ತಿ.

ಆದ್ದರಿಂದ ನೋಂದಣಿ ಫಾರಂನಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇರಲಿ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರು ಯಾವುದು? ನಿಮ್ಮನ್ನು ನಾವು ಹೇಗೆ ಕರೆಯಬೇಕು? ಟಿಕೆಟಿಗೆ, ರೂಮಿಗೆ ಮೊದಲನೆಯದು. ಬ್ಯಾಡ್ಜಿಗೆ ಎರಡನೆಯದು. ಬ್ಯಾಡ್ಜಿನಲ್ಲಿ ಅದನ್ನು ಕನ್ನಡದಲ್ಲೂ ದೊಡ್ಡದಾಗಿ ಬರೆಯಿರಿ. ಊಟ ಬಡಿಸುವ ಅಕ್ಕ, ಬಸ್ಸಿನ ಡ್ರೈವರ್ ಅಣ್ಣ ಓದಿ ಹೆಸರು ಹಿಡಿದು ಕರೆದರೆ ಬಂದವರ ಮುಖ ಅರಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಂತ 3: ವಿಮಾನ ನಿಲ್ದಾಣದಿಂದ ಹಾಸಿಗೆಯವರೆಗೆ

ಗಲ್ಫ್ ಕಡೆಯಿಂದ ಬರುವವರನ್ನು ಬಿಟ್ಟರೆ ಹೆಚ್ಚಿನವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದು ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಬಜ್ಪೆಗೆ, ಅಂದರೆ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ದೇಶದೊಳಗೆ ಮೊದಲು ಕಾಲಿಡುವ ಊರಿನಲ್ಲೇ ಇಮಿಗ್ರೇಶನ್, ಕಸ್ಟಮ್ಸ್ ಎಲ್ಲ ಮುಗಿಸಿ, ಸಾಮಾನ್ಯವಾಗಿ ಲಗೇಜನ್ನು ತಾವೇ ತೆಗೆದುಕೊಂಡು ಮತ್ತೆ ಹಾಕಬೇಕು. ಇದು ಗೊತ್ತಿಲ್ಲದೆ ಸೂಟ್‌ಕೇಸ್ ಅಲ್ಲೇ ಬಿಟ್ಟು ಬಂದವರಿದ್ದಾರೆ. ಎರಡು ವಿಮಾನಗಳ ನಡುವೆ ಕಡಿಮೆ ಅಂದರೆ ನಾಲ್ಕು ಗಂಟೆ ಇರಲಿ ಅಂತ ಮೊದಲೇ ಹೇಳಿ. ನಿಮ್ಮ ಸಭೆಯ ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿ ಇರುತ್ತಾರಲ್ಲ, ಅವರಲ್ಲಿ ಇಬ್ಬರನ್ನು ಅಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕರೆತರುವ ಯೋಚನೆ ಬಂದರೆ ದಯವಿಟ್ಟು ಇನ್ನೊಮ್ಮೆ ಯೋಚಿಸಿ. ನಮಗೆ ಶಿರಾಡಿ ಘಾಟಿ ಅಭ್ಯಾಸ. ಹದಿನೆಂಟು ಗಂಟೆ ವಿಮಾನದಲ್ಲಿ ಕೂತು ಬಂದ 70 ವರ್ಷದವರಿಗೆ ಅಲ್ಲ. ಮಳೆಗಾಲದಲ್ಲಂತೂ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೂ ರೈಲೂ ನಿಲ್ಲುವುದುಂಟು. ಕೂಟದ ದಿನ ಗೊತ್ತು ಮಾಡುವುದು ನಿಮ್ಮ ಕೈಯಲ್ಲಿ ಇದ್ದರೆ ಅಕ್ಟೋಬರ್ ಕೊನೆಯ ನಂತರ ಇಟ್ಟುಕೊಳ್ಳಿ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ, ಸ್ವಿಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದೂ ಅಕ್ಟೋಬರ್ ಕೊನೆಯಲ್ಲೇ.

ಬಜ್ಪೆಯಲ್ಲಿ ನಿಲ್ಲುವ ತಂಡ ಚಿಕ್ಕದಿರಲಿ. ಇಬ್ಬರು ಸಾಕು, ಒಬ್ಬರು ಮಹಿಳೆ ಇರಲಿ. ಬೋರ್ಡಿನಲ್ಲಿ ಅತಿಥಿಯ ಹೆಸರು, ಕೂಟದ ಗುರುತು. ಈ ಇಬ್ಬರ ಫೋಟೋವನ್ನು ಅತಿಥಿಗೆ ಮೊದಲೇ ಕಳಿಸಿರಿ, ಗುರುತಿಲ್ಲದ ಊರಿನಲ್ಲಿ ಯಾರ ಕಾರು ಹತ್ತುತ್ತಿದ್ದೇನೆ ಅನ್ನುವ ಭಯ ಹೋಗುತ್ತದೆ. ಸಿಕ್ಕ ಕೂಡಲೇ ಹೇಳಬೇಕಾದ್ದು ಮೂರೇ: ನಿಮ್ಮ ಹೆಸರು, ಟಾಯ್ಲೆಟ್ ಈ ಕಡೆ, ರೂಮಿಗೆ ಇಷ್ಟು ನಿಮಿಷ. ಕಾರಿನಲ್ಲಿ ಸೀಲ್ ಮುರಿಯದ ನೀರಿನ ಬಾಟಲಿ, ಕಾಗದದಲ್ಲಿ ಸುತ್ತಿದ ಬೆಲ್ಲದ ತುಂಡು. ಬೆಲ್ಲ ಯಾಕೆ ಅಂತ ಅವರೇ ಕೇಳುತ್ತಾರೆ, ಆಗ ಹೇಳಿ. ಮಾತು ತಾನಾಗಿ ಶುರುವಾಗುತ್ತದೆ. ಅವರು ಕಣ್ಣು ಮುಚ್ಚಿದರೆ ನೀವೂ ಸುಮ್ಮನಿರಿ.

ಹಾರ, ಶಾಲು ಬೇಡವೇ ಬೇಡ ಅನ್ನುತ್ತಿಲ್ಲ. ಶಂಕರಪುರ ಮಲ್ಲಿಗೆಯ ಪರಿಮಳ ಯಾರಿಗೆ ಬೇಡ! ಮರುದಿನ, ನಿದ್ದೆ ಮಾಡಿ ಸ್ನಾನ ಮಾಡಿ ಬಂದ ಮೇಲೆ ಹಾಕಿ. ಹೂವಿನ ಅಲರ್ಜಿ ಇದೆಯಾ ಅಂತ ಫಾರಂನಲ್ಲಿ ಕೇಳಿರಿ.

ರೂಮಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸೊಳ್ಳೆ ಪರದೆ ಅಥವಾ ಕಿಟಕಿಗೆ ಜಾಲರಿ, ಯಾಕೆಂದರೆ ಮಂಗಳೂರಿನಲ್ಲಿ ಮಲೇರಿಯಾ ಹೊಸ ವಿಷಯವಲ್ಲ. ಟಾಯ್ಲೆಟ್ ಪೇಪರ್. ಬಕೆಟ್ಟು ಚೊಂಬು ಹೇಗೆ ಬಳಸುವುದು, ಗೀಸರ್ ಸ್ವಿಚ್ ಯಾವುದು ಅಂತ ಒಬ್ಬರು ಹೋಗಿ ತೋರಿಸಿ. ನಮ್ಮದು 230 ವೋಲ್ಟ್, ಅಮೆರಿಕದ ಪ್ಲಗ್ಗು ಇಲ್ಲಿ ಕೂರುವುದಿಲ್ಲ, ಹಾಗಾಗಿ ಹತ್ತಿಪ್ಪತ್ತು ಅಡಾಪ್ಟರ್ ತಂದಿಟ್ಟುಕೊಳ್ಳಿ. ಅವರ ಫೋನಿನಲ್ಲಿ ನಮ್ಮ ಯುಪಿಐ ಇರುವುದಿಲ್ಲ. ಬೊಂಡ (ಎಳನೀರು) ಕುಡಿಯಲು, ರಿಕ್ಷಾ ಹಿಡಿಯಲು ಚಿಲ್ಲರೆ ಬೇಕು. ಹಣ ಬದಲಾಯಿಸಲು ಅಧಿಕೃತ ಅಂಗಡಿಗೆ ಕರೆದೊಯ್ಯುವವರು ಯಾರು ಅಂತ ಮೊದಲೇ ಗೊತ್ತು ಮಾಡಿ.

ಹಂತ 4: ಮನೆಯಲ್ಲಿ ಉಳಿಸಿಕೊಳ್ಳುವವರಿಗೆ

ಹಾಸ್ಟೆಲಿಗಿಂತ ಮನೆ ಚೆನ್ನ ಅಂತ ನನ್ನ ಅಭಿಪ್ರಾಯ. ಆದರೆ ಒಂದು ನಿಯಮ ಮರೆಯಬೇಡಿ. ಹೊರದೇಶದವರನ್ನು ಉಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಎಲ್ಲರೂ ಇದನ್ನು ಸಿ ಫಾರಂ ಅಂತಲೇ ಕರೆಯುತ್ತಾರೆ. ಲಾಡ್ಜಿಗೆ ಮಾತ್ರ ಅಲ್ಲ, ಮನೆಗೂ ಇದು ಅನ್ವಯಿಸುತ್ತದೆ. ಸಭೆಯಲ್ಲಿ ಕಂಪ್ಯೂಟರ್ ಚೆನ್ನಾಗಿ ಬಲ್ಲ ಒಬ್ಬರಿಗೆ ಎಲ್ಲ ಮನೆಗಳ ಈ ಕೆಲಸ ಒಪ್ಪಿಸಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ಮೊದಲೇ ತರಿಸಿಟ್ಟುಕೊಳ್ಳಿ.

ಊಟದ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಪ್ರೀತಿಯೇ ಕೆಲವು ಸಲ ಜಾಸ್ತಿ ಆಗುತ್ತದೆ. ಕೋರಿ ರೊಟ್ಟಿ ಮಾಡದೆ ಅತಿಥಿಯನ್ನು ಕಳಿಸುವುದು ಹೇಗೆ ಅಂತ ನಮಗೆ ಅನ್ನಿಸುತ್ತದೆ. ಮಾಡಿ, ಆದರೆ ಮೊದಲ ದಿನವೇ ಬೇಡ. ಮೊದಲ ದಿನಕ್ಕೆ ನೀರುದೋಸೆ, ಹದವಾದ ಸಾರು, ಗಂಜಿ, ಬಾಳೆಹಣ್ಣು. ಹೊಟ್ಟೆ ಒಗ್ಗಿದ ಮೇಲೆ ಗಸಿ, ಮೀನು, ಪತ್ರೊಡೆ. ಬಡಿಸುವಾಗ "ಇನ್ನೊಂದು, ಇನ್ನೊಂದು" ಅಂತ ಹಾಕುವುದು ನಮ್ಮಲ್ಲಿ ಮರ್ಯಾದೆ. ತಟ್ಟೆಯಲ್ಲಿ ಬಿಡುವುದು ತಪ್ಪು ಅಂತ ಬೆಳೆದವರು ಹಾಕಿದ್ದನ್ನೆಲ್ಲ ತಿಂದು ರಾತ್ರಿ ನರಳುತ್ತಾರೆ. ಒಮ್ಮೆ ಸಾಕು ಅಂದರೆ ಸಾಕು. ಕರಾವಳಿ ಅಡುಗೆಯಲ್ಲಿ ತೆಂಗಿನಕಾಯಿ, ಗೋಡಂಬಿ ಎಲ್ಲಿ ಸೇರಿದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅಲರ್ಜಿ ಇರುವವರಿಗೆ ಇದು ಪ್ರಾಣದ ಪ್ರಶ್ನೆ. ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ ಇಡಿ. ತುರ್ತಿಗೆ 112, ಆಂಬುಲೆನ್ಸಿಗೆ 108, ಈ ಎರಡು ಸಂಖ್ಯೆ ಬ್ಯಾಡ್ಜಿನ ಹಿಂದೆ ಇರಲಿ.

ಕ್ರೈಸ್ತರೆಲ್ಲ ಒಂದೇ ರೀತಿ ತಿನ್ನುತ್ತಾರೆ ಅಂತಲೂ ತಿಳಿಯಬೇಡಿ. ಆರ್ಥೊಡಾಕ್ಸ್ ಸಭೆಗಳವರು ವರ್ಷದ ಹೆಚ್ಚಿನ ಬುಧವಾರ, ಶುಕ್ರವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರು ಹಂದಿ ತಿನ್ನುವುದಿಲ್ಲ, ಬಹಳ ಜನ ಪೂರ್ತಿ ಸಸ್ಯಾಹಾರಿಗಳು, ಶನಿವಾರ ಅವರಿಗೆ ಸಬ್ಬತ್ತು, ಅಂದರೆ ವಿಶ್ರಾಂತಿಯ ದಿನ. ಅವತ್ತು ಅವರಿಗೆ ಶಾಪಿಂಗ್ ಕಾರ್ಯಕ್ರಮ ಇಡಬೇಡಿ. ಆರ್ಥೊಡಾಕ್ಸ್ ಉಪವಾಸಕ್ಕೆ ನಮ್ಮ ಅಡುಗೆಯಷ್ಟು ಒಳ್ಳೆಯ ಅಡುಗೆ ಇನ್ನೊಂದಿಲ್ಲ. ತೆಂಗಿನ ಹಾಲಿನ ಪಾಯಸ, ಬಸಳೆ, ಹೆಸರುಕಾಳು, ಕುಚ್ಚಲಕ್ಕಿ ಅನ್ನ. ಒಬ್ಬ ಇಥಿಯೋಪಿಯಾದ ಪಾದ್ರಿಗೆ ಶುಕ್ರವಾರ ಇದನ್ನು ಬಡಿಸಿದಾಗ ಅವರು ಎದ್ದು ಅಡುಗೆಮನೆಗೆ ಹೋಗಿ ಸ್ತ್ರೀಸಂಘದ ಎಲ್ಲ ಅಮ್ಮಂದಿರಿಗೂ ಕೈಮುಗಿದು ಬಂದರು.

ಹಂತ 5: ಆರಾಧನೆ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಬಂದವರು ದೂರದಿಂದ ಬಂದದ್ದೇ ಇದಕ್ಕಾಗಿ.

ಕಷ್ಟದ ವಿಷಯ ಮೊದಲು ಹೇಳುತ್ತೇನೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನದಲ್ಲಿ ಎಲ್ಲರೂ ಭಾಗಿಯಾಗುವುದಿಲ್ಲ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 1947ರ ಸೆಪ್ಟೆಂಬರ್ 27ರಂದು ಚೆನ್ನೈಯಲ್ಲಿ ಬೇರೆ ಬೇರೆ ಪಂಗಡಗಳು ಒಂದಾಗಿ ಹುಟ್ಟಿದ್ದು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಹಿನ್ನೆಲೆಯವರು ಒಂದೇ ಮೇಜಿಗೆ ಬಂದರು. ಹಾಗಾಗಿ ನಮಗೆ ಎಲ್ಲರೂ ಬರಬೇಕು ಅನ್ನುವ ಆಸೆ ಸಹಜ. ಆದರೆ ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಅತಿಥಿಗಳಿಗೆ ಅವರ ಸಭೆಯ ನಿಯಮ ಇದೆ. ಸಾಲ್ವೇಶನ್ ಆರ್ಮಿಯವರು ಸಂಸ್ಕಾರಗಳನ್ನೇ ಆಚರಿಸುವುದಿಲ್ಲ. ಅವರು ಕೂತಲ್ಲೇ ಕೂತರೆ ಅದು ನಮ್ಮ ಮೇಲಿನ ಅಸಡ್ಡೆ ಅಲ್ಲ. ಸಾಲು ನೋಡಿಕೊಳ್ಳುವ ಯುವಕರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ಯಾರನ್ನೂ ಭುಜ ತಟ್ಟಿ ಎಬ್ಬಿಸಬಾರದು. ಸಭಾಪಾಲಕರು ಆರಂಭದಲ್ಲೇ ಒಂದು ಮಾತು ಹೇಳಲಿ: ಇಷ್ಟವಿದ್ದವರು ಆಶೀರ್ವಾದಕ್ಕೆ ಬರಬಹುದು, ಕೂತು ಪ್ರಾರ್ಥಿಸುವವರು ಕೂತೇ ಇರಬಹುದು.

ಭಾಷೆ. ಮಂಗಳೂರಿನಲ್ಲಿ ನಾವೇ ತುಳು, ಕನ್ನಡ, ಕೊಂಕಣಿ ಅಂತ ಮನೆಯಲ್ಲೊಂದು ಚರ್ಚಿನಲ್ಲೊಂದು ಮಾತಾಡುವವರು, ಇದು ನಮ್ಮ ಬಲ. ಪ್ರಸಂಗವನ್ನು ವಾಕ್ಯ ವಾಕ್ಯವಾಗಿ ಅನುವಾದ ಮಾಡಿಸುವುದಾದರೆ ಅನುವಾದಕರಿಗೆ ಎರಡು ದಿನ ಮೊದಲೇ ಬರಹ ಕೊಡಿ. ಎದುರಿಗೆ ನಿಲ್ಲಿಸಿ "ನೀವು ಮಾಡಿಬಿಡ್ತೀರಿ ಬಿಡಿ" ಅನ್ನುವುದು ಸರಿಯಲ್ಲ. ಆರಾಧನಾ ಕ್ರಮ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಎದುರುಬದುರು ಪುಟಗಳಲ್ಲಿ ಇರಲಿ. ಕನ್ನಡದ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಅವರೂ ದನಿ ಸೇರಿಸುತ್ತಾರೆ. ನಮ್ಮ ಸಂಗೀತ ಪುಸ್ತಕದ ಎಷ್ಟೋ ರಾಗಗಳು ಬಾಸೆಲ್ ಮಿಶನಿನವರ ಜೊತೆ ಜರ್ಮನ್ ನಾಡಿನಿಂದ ಬಂದವು. ಜರ್ಮನಿಯವರೋ ಸ್ವಿಜರ್ಲೆಂಡಿನವರೋ ಇದ್ದರೆ ಅಂಥ ಒಂದು ಹಾಡು ಇಟ್ಟುಕೊಳ್ಳಿ. ಜೊತೆಗೆ ಪೂರ್ತಿ ನಮ್ಮ ನೆಲದ ರಾಗದ್ದೂ ಒಂದಿರಲಿ, ಅವರು ಬಂದದ್ದು ತಮ್ಮ ಮನೆಯ ಹಾಡನ್ನೇ ಕೇಳಲು ಅಲ್ಲವಲ್ಲ.

ಕರ್ತನ ಪ್ರಾರ್ಥನೆಯನ್ನು ಮಾತ್ರ ಯಾರಿಗೂ ಅನುವಾದಿಸಬೇಡಿ. ಎಲ್ಲರೂ ಅವರವರ ತಾಯಿನುಡಿಯಲ್ಲಿ ಒಟ್ಟಿಗೆ ಹೇಳಲಿ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ನಾವು ಶುರು ಮಾಡಿದಾಗ ಪಕ್ಕದಲ್ಲಿ ಕೊರಿಯನ್, ಹಿಂದಿನ ಸಾಲಿನಲ್ಲಿ ಸ್ವಾಹಿಲಿ, ಮೂಲೆಯಲ್ಲಿ ಜರ್ಮನ್, ಒಬ್ಬರದು ಬೇಗ ಮುಗಿಯುತ್ತದೆ, ಇನ್ನೊಬ್ಬರದು ನಿಧಾನ, ಕೊನೆಯವರು ಮುಗಿಸುವವರೆಗೆ ಉಳಿದವರೆಲ್ಲ ಕಾಯುತ್ತಾರೆ. ಆ ಕಾಯುವ ಕ್ಷಣವನ್ನು ಆರ್ಗನ್ ನುಡಿಸುವವರು ತುಂಬಿಸಬಾರದು. ಸುಮ್ಮನೆ ಬಿಡಲಿ.

ಕಾಣಿಕೆಯ ವಿಷಯದಲ್ಲಿ ಒಂದು ಎಚ್ಚರ. ಅತಿಥಿ ಪ್ರೀತಿಯಿಂದ ಲಕೋಟೆಯಲ್ಲಿ ಡಾಲರೋ ಯೂರೋ ಇಟ್ಟು ನಿಮ್ಮ ಶಾಲೆಗೆ, ಆಸ್ಪತ್ರೆಗೆ ಅಂತ ಕೊಡಬಹುದು. ಅದನ್ನು ಕೈಯಲ್ಲಿ ತೆಗೆದುಕೊಳ್ಳಬೇಡಿ. ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ಕೈಮುಗಿದು, ಕಾರಣ ಹೇಳಿ, ಡಯಾಸಿಸ್ (ಧರ್ಮಪ್ರಾಂತ) ಕಚೇರಿಯ ಕಡೆಗೆ ತೋರಿಸಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 6: ಊರು ತೋರಿಸುವುದು

ಬೀಚು, ಮಾಲು ಎಲ್ಲ ಊರಲ್ಲೂ ಇವೆ. ಬಾಸೆಲ್ ಮಿಶನಿನ ಹಳೆಯ ಕೇಂದ್ರವಾದ ಬಲ್ಮಠಕ್ಕೆ ಕರೆದುಕೊಂಡು ಹೋಗಿ. 1843ರ ಜುಲೈಯಲ್ಲಿ ಆ ಮಿಶನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ್ದು ಈ ಊರಿನಿಂದ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದೂ ಇಲ್ಲಿಂದಲೇ ಅಂತ ಹೇಳಿ. ಆದರೆ ಉಪನ್ಯಾಸ ಕೊಡಬೇಡಿ, ಕೇಳಿ. ಬಾಸೆಲ್ ಮಿಶನ್ 1828ರಲ್ಲಿ ಈಗಿನ ಘಾನಾಕ್ಕೆ ಹೋಗಿತ್ತು, ನಮ್ಮಲ್ಲಿಗಿಂತ ಆರು ವರ್ಷ ಮೊದಲು. ಕಿಟ್ಟೆಲ್ ಕನ್ನಡಕ್ಕೆ ಮಾಡಿದ ಕೆಲಸವನ್ನು ಅಲ್ಲಿ ಟ್ವಿ ಭಾಷೆಗೆ ಕ್ರಿಸ್ಟಾಲರ್ ಮಾಡಿದರು, ಅವರ ನಿಘಂಟು 1881ರದ್ದು. ಘಾನಾದ ಪ್ರೆಸ್ಬಿಟೇರಿಯನ್ ಸಭೆಯಿಂದ ಯಾರಾದರೂ ಬಂದಿದ್ದರೆ "ನಿಮ್ಮ ಊರಿಗೆ ಬಂದ ಬಾಸೆಲಿನವರು ಏನೇನು ಮಾಡಿದರು?" ಅಂತ ಕೇಳಿ ನೋಡಿ. ಒಂದೇ ಮನೆಯಿಂದ ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕ ತಂಗಿ ಸಿಕ್ಕಿದ ಹಾಗೆ ಮಾತು ಬೆಳೆಯುತ್ತದೆ. ಒಳ್ಳೆಯದೂ ಬರುತ್ತದೆ, ನೋವಿನ ಮಾತೂ ಬರುತ್ತದೆ. ಎರಡನ್ನೂ ಕೇಳಿಸಿಕೊಳ್ಳಿ.

ಸಮಯ ಇದ್ದರೆ ಸಂತ ಅಲೋಶಿಯಸ್ ಚಾಪೆಲ್, ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ ಗೋಡೆ, ಮಾಡಿನ ತುಂಬ ಬಿಡಿಸಿದ ಚಿತ್ರಗಳಿವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಹೋಗಿ ಬನ್ನಿ. ಅಲ್ಲಿ ಚಪ್ಪಲಿ ಹೊರಗೆ, ಅಲ್ಲಿನವರ ರೀತಿಗೆ ಮರ್ಯಾದೆ ಕೊಡಬೇಕು, ಇದನ್ನು ಬಸ್ಸಿನಲ್ಲೇ ಹೇಳಿ. ದಾರಿಯಲ್ಲಿ ಮಕ್ಕಳ ಫೋಟೋ ತೆಗೆಯುವ ಮೊದಲು ಹೆತ್ತವರನ್ನು ಕೇಳಬೇಕು ಅಂತಲೂ ಹೇಳಿ. ದಿನಕ್ಕೆ ಎರಡು ಜಾಗ ಸಾಕು.

ಹಂತ 7: ಕಳಿಸಿಕೊಡುವುದು

ಸ್ವಾಗತಕ್ಕೆ ಐವತ್ತು ಜನ, ಕಳಿಸಲು ಒಬ್ಬ ಡ್ರೈವರ್. ಹೀಗೆ ಆಗುವುದನ್ನು ನೋಡಿದ್ದೇನೆ. ಬರಮಾಡಿಕೊಂಡ ಆ ಇಬ್ಬರೇ ವಿಮಾನ ನಿಲ್ದಾಣಕ್ಕೂ ಹೋಗಲಿ. ಬೆಳಗಿನ ಜಾವದ ವಿಮಾನ ಇದ್ದರೆ ರಾತ್ರಿಯೇ ಬನ್ನು, ಬಾಳೆಹಣ್ಣು ಕಟ್ಟಿ ಕೊಡಿ. ನೆನಪಿನ ಕಾಣಿಕೆ ಅಂತ ಭಾರದ ಹಿತ್ತಾಳೆ ದೀಪ, ಗಾಜಿನ ಚೌಕಟ್ಟು ಬೇಡ, ಅವರ ಲಗೇಜಿಗೆ ತೂಕದ ಮಿತಿ ಇರುತ್ತದೆ. ಒಣ ಗೋಡಂಬಿ, ಒಂದು ಮಡಿಸಿದ ಬಟ್ಟೆಯ ಚೀಲ, ಸಭೆಯ ಮಕ್ಕಳು ಬರೆದ ಕಾಗದ. ಉಪ್ಪಿನಕಾಯಿ ಕೊಡಲೇಬೇಕು ಅಂತ ಅಮ್ಮಂದಿರು ಹಟ ಮಾಡಿದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿಸಿ, ಕೈಚೀಲದಲ್ಲಿ ಇಟ್ಟರೆ ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ.

ಬೆಂಗಳೂರಿನಲ್ಲಿ ವಿಮಾನ ಬದಲಾಯಿಸುವಾಗ ಒಂದು ಮೆಸೇಜ್, ಊರು ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ ಅಂತ ಅವರಿಗೆ ಹೇಳಿ. ಆ ಎರಡನೆಯ ಮೆಸೇಜ್ ಬರುವವರೆಗೆ ಸ್ವಾಗತ ತಂಡದ ಒಬ್ಬರ ಫೋನ್ ರಾತ್ರಿಯೂ ಆನ್ ಇರಬೇಕು.